ದಪ್ಪ ಜಾಕೆಟ್ ಬೇಡ, ತೆಳು ಫ್ಲೀಸ್ ಸಾಕು



ಈ ಸಲದ ಬೆಟ್ಟದ ಚಾರಣಕ್ಕೆ ಸಂಘದ ಸಮಿತಿ ಹೊರಡಿಸಿರುವ ಸುತ್ತೋಲೆಯಲ್ಲಿ "ಒಂದು ದಪ್ಪನೆಯ ಫ್ಲೀಸ್ ಜಾಕೆಟ್ ಕಡ್ಡಾಯ" ಎಂಬ ಸಾಲಿದೆ. ಸಮಿತಿಯವರ ಕಾಳಜಿಯ ಬಗ್ಗೆ ನಮಗೆ ಗೌರವವಿದೆ. ಆದರೂ ಆ ಸಾಲನ್ನು ಹೊಡೆದುಹಾಕಬೇಕೆಂದು, ವರ್ಷವೂ ನ್ಯೂ ಹ್ಯಾಂಪ್‌ಷೈರ್‌ನ ಬೆಟ್ಟಗಳಲ್ಲಿ ಬೆನ್ನುಚೀಲ ಹೊತ್ತು ತಿರುಗುವ ನಾವು ಕೆಲವರು ಕೇಳಿಕೊಳ್ಳುತ್ತೇವೆ. ಇದು ಶೋಕಿಯ ಜಗಳವಲ್ಲ, ಮಕ್ಕಳ ಜೀವದ ಮಾತು.

ಕಳೆದ ವರ್ಷ ಅಕ್ಟೋಬರಿನಲ್ಲಿ ಫ್ರಾಂಕೋನಿಯಾ ಬೆಟ್ಟಸಾಲಿಗೆ ಬಂದವರಿಗೆ ನೆನಪಿರಬೇಕು. ಹುಡುಗನೊಬ್ಬ ಹತ್ತಿ ಬನಿಯನ್ನಿನ ಮೇಲೆ ಹೊಚ್ಚಹೊಸ ದಪ್ಪ ಫ್ಲೀಸ್ ತೊಟ್ಟು ಏರು ಹತ್ತಿದ. ಅರ್ಧ ಗಂಟೆಯಲ್ಲೇ ಬೆವರಿ ತೊಪ್ಪೆಯಾದ. ಬಿಚ್ಚಿ ತುರುಕಿದರೆ ಅದೊಂದೇ ಅರ್ಧ ಚೀಲ ನುಂಗಿತು. ಗಾಳಿತಡೆ ಅಂಗಿಯನ್ನು ಜಾಗವಿಲ್ಲವೆಂದು ಕಾರಿನಲ್ಲೇ ಬಿಟ್ಟು ಬಂದಿದ್ದ. ಮರಗಳು ಮುಗಿದು ಬೋಳು ನೆತ್ತಿ ತಲುಪಿದೊಡನೆ ಗಾಳಿ ಎರಗಿತು. ಮತ್ತೆ ಫ್ಲೀಸ್ ತೊಟ್ಟರೂ ನಡುಕ ನಿಲ್ಲಲಿಲ್ಲ, ಮಾತು ತೊದಲತೊಡಗಿತು. ಮರಗಳ ಮರೆಗೆ ಇಳಿಸಿ, ಒಣ ಬಟ್ಟೆ ತೊಡಿಸಿ, ಸಕ್ಕರೆ ಹಾಕಿದ ಬಿಸಿನೀರು ಕುಡಿಸಿದ ಮೇಲೆ ಚೇತರಿಸಿಕೊಂಡ. ತಪ್ಪು ಹುಡುಗನದಲ್ಲ. ಆ ವರ್ಷದ ಪಟ್ಟಿ ಬರೆದವರು ನಾವೇ.

ಫ್ಲೀಸ್ ಬೆಚ್ಚಗಿಡುವುದು ಎಳೆಗಳ ನಡುವೆ ಹಿಡಿದಿಟ್ಟ ಗಾಳಿಯಿಂದ. ಬೀಸುಗಾಳಿ ನುಗ್ಗಿದರೆ ಆ ಬಿಸುಪು ಹಾರಿಹೋಗುತ್ತದೆ. ಅದಕ್ಕೆ ಮದ್ದು ಮೇಲೊಂದು ತೆಳು ಗಾಳಿತಡೆ ಅಂಗಿ. ಇನ್ನೂ ದಪ್ಪ ಫ್ಲೀಸ್ ಕೊಳ್ಳುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತೆ! ಅದೇ ಸೀಮೆಯ ಮೌಂಟ್ ವಾಷಿಂಗ್ಟನ್ ನೆತ್ತಿಯಲ್ಲಿ 1934ರ ಏಪ್ರಿಲ್ 12ರಂದು ಗಂಟೆಗೆ 231 ಮೈಲಿ ವೇಗದ ಗಾಳಿ ದಾಖಲಾಗಿದೆ. ಅಲ್ಲಿ ಚಳಿಗಿಂತ ಗಾಳಿಗೇ ಹೆಚ್ಚು ಹೆದರಬೇಕು.

ಅಂಗಡಿಯಲ್ಲಿ ಕಾಣುವ 100, 200, 300 ಎಂಬ ಅಂಕಿಗಳು ಒಂದು ಚದರ ಮೀಟರ್ ಬಟ್ಟೆ ಸುಮಾರು ಎಷ್ಟು ಗ್ರಾಂ ತೂಗುತ್ತದೆಂಬುದರ ಗುರುತು. ಹೊರೆ ಹೊತ್ತು ನಡೆಯುವವರಿಗೆ 100 ಸಾಕು. ಕತ್ತಿನ ಬಳಿ ಜಿಪ್ ಇರಲಿ, ಏರಿನಲ್ಲಿ ಬಿಚ್ಚಿಕೊಳ್ಳಬಹುದು. ಒಳಮೈಯಲ್ಲಿ ಚೌಕಳಿ ಉಬ್ಬುಗಳಿದ್ದರೆ ಇನ್ನೂ ಒಳ್ಳೆಯದು, ನಡುವಿನ ತಗ್ಗುಗಳಿಂದ ಬೆವರು ಬೇಗ ಆರುತ್ತದೆ.

"ಕೂತಾಗ ಚಳಿಯಾಗದೇ?" ಎಂದು ತಾಯಂದಿರು ಕೇಳುತ್ತಾರೆ. ಆಗುತ್ತದೆ. ಅದಕ್ಕೇ ಚೀಲದಲ್ಲೊಂದು ಹಗುರ ಡೌನ್ ಜಾಕೆಟ್ ಇರಲಿ. ಅಷ್ಟೇ ತೂಕದ ಫ್ಲೀಸಿಗಿಂತ ಅದು ಎಷ್ಟೋ ಬೆಚ್ಚಗೆ. ನಡೆಯುವಾಗ ಫ್ಲೀಸ್, ನಿಂತಾಗ ಅದು. ಒದ್ದೆಯಾಗದಂತೆ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಡಿ.

"ಅಜ್ಜಿ ಹೆಣೆದ ಸ್ವೆಟರ್ ಆಗದೇ?" ಉಣ್ಣೆಯನ್ನು ನಾವು ಹಳಿಯುವುದಿಲ್ಲ. ನೆನೆದರೂ ಅದು ಸ್ವಲ್ಪ ಬೆಚ್ಚಗಿಟ್ಟೀತು. ಆದರೆ ಭಾರ, ಬೇಗ ಒಣಗದು. ನಮ್ಮ ನೆರೆಯ ಲಾರೆನ್ಸ್ ಊರಿನ ಮಾಲ್ಡನ್ ಮಿಲ್ಸ್ 1979ರಲ್ಲಿ ಹೊರತಂದ ಫ್ಲೀಸಿನ ಹಿರಿಮೆಯೇ ಉಣ್ಣೆಯ ಬಿಸುಪು, ಅದಕ್ಕಿಂತ ಕಡಿಮೆ ಭಾರ. ಅದನ್ನೇ ದಪ್ಪ ಮಾಡಿ ಹೊತ್ತರೆ ಬಂದ ಲಾಭವೇನು? ಹತ್ತಿಯಂತೂ ಬೆಟ್ಟಕ್ಕೆ ಬೇಡವೇ ಬೇಡ. ಬೆವರು ಕುಡಿದು ಮೈಗಂಟಿ ತಣ್ಣಗೆ ಕೂರುತ್ತದೆ. ಜೀನ್ಸ್ ಕೂಡ ಹತ್ತಿಯೇ, ಮರೆಯಬೇಡಿ.

ಆದ್ದರಿಂದ ಸುತ್ತೋಲೆ ಹೀಗೆ ತಿದ್ದುಪಡಿಯಾಗಲಿ: "ತೆಳು ಫ್ಲೀಸ್ ಒಂದು, ಗಾಳಿತಡೆ ಅಂಗಿ ಒಂದು, ನಿಂತಾಗ ತೊಡಲು ಹಗುರ ಡೌನ್ ಜಾಕೆಟ್ ಒಂದು. ಹತ್ತಿ ಕೂಡದು." ಖರ್ಚಿನ ಮಾತು ಬಂದರೆ, ಬೆಳೆಯುವ ಮಕ್ಕಳಿಗೆ ವರ್ಷಕ್ಕೊಂದು ಹೊಸದು ಬೇಕಿಲ್ಲ. ರಾಜ್ಯೋತ್ಸವದ ದಿನ ಊಟದ ಹಾಲಿನ ಬಾಗಿಲಲ್ಲಿ ಒಂದು ಪೆಟ್ಟಿಗೆ ಇಟ್ಟಿರುತ್ತೇವೆ. ನಿಮ್ಮ ಮಕ್ಕಳಿಗೆ ಗಿಡ್ಡವಾದದ್ದನ್ನು ಒಗೆದು ತಂದು ಹಾಕಿ, ಬೇಕಾದದ್ದನ್ನು ಸಂಕೋಚವಿಲ್ಲದೆ ಒಯ್ಯಿರಿ. ಆ ಹುಡುಗನೂ ಈ ಸಲ ಬರುತ್ತಿದ್ದಾನೆ. ಅವನ ಚೀಲವನ್ನು ನಾವೇ ನೋಡಿ ಕಟ್ಟಿಸುತ್ತೇವೆ.

— ಚಾರಣಕ್ಕೆ ಹೋಗುವ ನಾವು ಕೆಲವರು