ದೇಹದ ಹಕ್ಕು ಮತ್ತು ನಮ್ಮ ಅಡುಗೆಮನೆ

ರಮಝಾನ್ ಮುಗಿದ ಬಳಿಕ ಹಲವರು ಕುತೂಹಲದಿಂದ ತೂಕದ ಯಂತ್ರದ ಮೇಲೆ ನಿಂತು ನೋಡುತ್ತಾರೆ. ತಿಂಗಳಿಡೀ ಹಗಲು ಅನ್ನ ನೀರು ಬಿಟ್ಟವರಿಗೆ ತೂಕ ಇಳಿದಿರಬೇಕೆಂಬ ನಿರೀಕ್ಷೆ ಸಹಜ. ಕೆಲವರಿಗೆ ಒಂದೆರಡು ಕಿಲೋ ಇಳಿದಿರುತ್ತದೆ, ಕೆಲವರಿಗೆ ಏರಿರುವುದೂ ಉಂಟು. ಇಳಿದ ತೂಕವೂ ಮುಂದಿನ ಕೆಲವು ವಾರಗಳಲ್ಲಿ ಬಹುಮಟ್ಟಿಗೆ ಹಿಂದಿನ ಅಂಕಿಗೇ ಬಂದು ನಿಲ್ಲುತ್ತದೆ. ಹಲವು ದೇಶಗಳಲ್ಲಿ ನಡೆದ ಅಧ್ಯಯನಗಳೂ ಇದನ್ನೇ ಹೇಳಿವೆ. ಉಪವಾಸವನ್ನು ವಿಧಿಸಲಾದುದು ದೇವಭಯಕ್ಕಾಗಿಯೇ ಹೊರತು ತೂಕ ಇಳಿಸುವುದಕ್ಕಲ್ಲ. ಆದ್ದರಿಂದ ಇದರಲ್ಲಿ ಉಪವಾಸದ ಲೋಪವೇನೂ ಇಲ್ಲ. ಆದರೆ ಇದರಲ್ಲೊಂದು ಪಾಠವಿದೆ. ಒಂದು ತಿಂಗಳ ಬದಲಾವಣೆಯನ್ನು ದೇಹವು ಅತಿಥಿಯಂತೆ ಕಾಣುತ್ತದೆ. ಹನ್ನೊಂದು ತಿಂಗಳ ರೂಢಿಯನ್ನು ಮನೆಯವನಂತೆ ಕಾಣುತ್ತದೆ.

ಬೊಜ್ಜು ನಗರದ ಶ್ರೀಮಂತರ ಸಮಸ್ಯೆಯೆಂದು ಭಾವಿಸುವ ಕಾಲ ಸರಿದುಹೋಗಿದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ವಯಸ್ಕ ಸ್ತ್ರೀಯರಲ್ಲಿಯೂ ಪುರುಷರಲ್ಲಿಯೂ ಶೇಕಡಾ 30ರಷ್ಟು ಮಂದಿ ಅಧಿಕ ತೂಕದವರು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನವು ದೇಶದಲ್ಲಿ 10 ಕೋಟಿಗೂ ಹೆಚ್ಚು ಮಂದಿಗೆ ಮಧುಮೇಹವಿದೆಯೆಂದು ಅಂದಾಜಿಸಿದೆ. ನಮ್ಮ ದೇಶದವರಿಗೆ ಇನ್ನೊಂದು ತೊಡಕೂ ಇದೆ. ನಮ್ಮಲ್ಲಿ ಕೊಬ್ಬು ಹೊಟ್ಟೆಯ ಸುತ್ತ ಬೇಗ ಶೇಖರಗೊಳ್ಳುತ್ತದೆ. ಆದುದರಿಂದ ಪುರುಷರ ಸೊಂಟದ ಸುತ್ತಳತೆ 90 ಸೆಂಟಿಮೀಟರ್, ಸ್ತ್ರೀಯರದ್ದು 80 ಸೆಂಟಿಮೀಟರ್ ದಾಟಿದರೆ ಎಚ್ಚರ ವಹಿಸಬೇಕೆಂದು ವೈದ್ಯರು ಹೇಳುತ್ತಾರೆ. ಇದನ್ನು ತಿಳಿಯಲು ಆಸ್ಪತ್ರೆಯೇ ಬೇಕಿಲ್ಲ, ದರ್ಜಿಯ ಅಳತೆ ಪಟ್ಟಿ ಸಾಕು.

ಕೊಪ್ಪ ತಾಲೂಕಿನ ಬಾಳಗಡಿ ಇರಲಿ, ಶೃಂಗೇರಿ ಅಥವಾ ನರಸಿಂಹರಾಜಪುರದ ಯಾವುದೇ ಜಮಾಅತ್ ಇರಲಿ, ಶುಕ್ರವಾರದ ನಮಾಝ್‌ನಲ್ಲಿ ಸಾಲುಗಳನ್ನು ಗಮನಿಸಿದರೆ ಕುರ್ಚಿಗಳು ಕಾಣಸಿಗುತ್ತವೆ. ಮಂಡಿನೋವಿನಿಂದ ಸುಜೂದ್ ಮಾಡಲಾಗದವರಿಗೆ ಧರ್ಮವೇ ರಿಯಾಯಿತಿ ನೀಡಿದೆ. ಅವರನ್ನು ಆಕ್ಷೇಪಿಸುವ ಹಕ್ಕು ಯಾರಿಗೂ ಇಲ್ಲ. ಆದರೆ ಐವತ್ತು ದಾಟುವ ಮುನ್ನವೇ ಕುರ್ಚಿ ಹುಡುಕುವ ಸ್ಥಿತಿ ಬರುತ್ತಿದ್ದರೆ ಅದರ ಕಾರಣವನ್ನು ಚಿಂತಿಸಬೇಡವೇ? ಮಂಡಿ ಸವೆತವಿರುವವರ ಕುರಿತ ಒಂದು ಅಧ್ಯಯನದ ಪ್ರಕಾರ ಒಂದು ಕಿಲೋ ತೂಕ ಇಳಿದರೆ ಪ್ರತಿ ಹೆಜ್ಜೆಯಲ್ಲೂ ಮಂಡಿಯ ಮೇಲಿನ ಭಾರ ಸುಮಾರು ನಾಲ್ಕು ಕಿಲೋದಷ್ಟು ತಗ್ಗುತ್ತದೆ. ಹಜ್ಜ್‌ಗಾಗಿ ಜೀವನವಿಡೀ ದುಡ್ಡು ಕೂಡಿಡುವವರು ನಮ್ಮಲ್ಲಿದ್ದಾರೆ. ಸಫಾ ಮತ್ತು ಮರ್ವಾಗಳ ನಡುವಿನ ಏಳು ಸುತ್ತಿನ ನಡಿಗೆಯೇ ಸುಮಾರು ಮೂರು ಕಿಲೋಮೀಟರ್ ಆಗುತ್ತದೆ. ಹಣವನ್ನು ಕೂಡಿಟ್ಟಷ್ಟೇ ಶ್ರದ್ಧೆಯಿಂದ ಕಾಲಿನ ಬಲವನ್ನೂ ಕಾಪಾಡಬೇಕಲ್ಲವೇ?

ನಮ್ಮ ಹಿರಿಯರು ಮೂರು ಹೊತ್ತೂ ಅಕ್ಕಿಯನ್ನೇ ಉಂಡರು. ಬೆಳಿಗ್ಗೆ ಗಂಜಿ, ರೊಟ್ಟಿ ಅಥವಾ ಕಡುಬು, ಮಧ್ಯಾಹ್ನ ಅನ್ನ, ರಾತ್ರಿಯೂ ಅನ್ನ. ಆದರೆ ಅವರು ಅಡಿಕೆ ತೋಟ ಮತ್ತು ಕಾಫಿ ತೋಟಗಳ ಏರಿಳಿತದಲ್ಲಿ ದಿನವಿಡೀ ದುಡಿದರು. ಪೇಟೆಗೂ ಮಸೀದಿಗೂ ಮದ್ರಸಾಕ್ಕೂ ನಡೆದೇ ಹೋದರು. ಸ್ತ್ರೀಯರು ನೀರು ಸೇದಿದರು, ಸೌದೆ ಹೊತ್ತರು, ಕಲ್ಲಿನಲ್ಲಿ ಅರೆದರು. ಇಂದು ಅಕ್ಕಿ ತಟ್ಟೆಯಲ್ಲೇ ಉಳಿದಿದೆ, ದುಡಿಮೆ ಹೊರಟುಹೋಗಿದೆ. ಅರ್ಧ ಕಿಲೋಮೀಟರ್ ದೂರದ ಅಂಗಡಿಗೂ ಸ್ಕೂಟರ್ ಬೇಕು. ಅದರ ಜೊತೆಗೆ ಬೇಕರಿಯ ತಿಂಡಿ, ಪ್ಯಾಕೆಟ್‌ನ ಕುರುಕಲು, ಬಾಟಲಿಯ ಪಾನೀಯಗಳು ಮನೆಯೊಳಗೆ ಬಂದಿವೆ. ಹಾಗೆಂದು ಹಳೆಯ ಕಷ್ಟದ ದಿನಗಳು ಮರಳಲೆಂದು ಯಾರೂ ಹಾರೈಸಬೇಕಾಗಿಲ್ಲ. ದುಡಿಮೆ ಕಡಿಮೆಯಾದುದು ಅಲ್ಲಾಹನ ಅನುಗ್ರಹ. ದುಡಿಮೆಗೆ ತಕ್ಕಂತೆ ತಟ್ಟೆಯೂ ಬದಲಾಗಬೇಕೆಂಬುದಷ್ಟೇ ನಮ್ಮ ಮಾತು.

ಈ ಬದಲಾವಣೆಯನ್ನು ಹದಿನೈದು ದಿನಗಳಲ್ಲಿ ಮುಗಿಸಿಬಿಡುವ ಆತುರ ಇಂದು ಎಲ್ಲೆಡೆ ಕಾಣುತ್ತಿದೆ. ಡಬ್ಬಿಯ ಪುಡಿ, ಹೊಟ್ಟೆಗೆ ಕಟ್ಟುವ ಬೆಲ್ಟು, ಬರೀ ಸೌತೆಕಾಯಿಯ ಪಥ್ಯ - ಇವೆಲ್ಲ ವಾಟ್ಸ್ಆ್ಯಪ್ ಮೂಲಕ ಮನೆಮನೆಗೆ ತಲುಪುತ್ತಿವೆ. ಅಮೆರಿಕದಲ್ಲಿ ತೂಕ ಇಳಿಸುವ ಸ್ಪರ್ಧೆಯ ಟಿ.ವಿ. ಕಾರ್ಯಕ್ರಮವೊಂದರಲ್ಲಿ ಭಾಗವಹಿಸಿದ 14 ಮಂದಿಯನ್ನು ಆರು ವರ್ಷಗಳ ಬಳಿಕ ಪರೀಕ್ಷಿಸಿದ ಅಧ್ಯಯನ 2016ರಲ್ಲಿ ಪ್ರಕಟವಾಯಿತು. ಸ್ಪರ್ಧೆಯಲ್ಲಿ ಅವರು ಸರಾಸರಿ 58 ಕಿಲೋ ಇಳಿಸಿದ್ದರು. ಅದರಲ್ಲಿ 41 ಕಿಲೋ ಮರಳಿ ಬಂದಿತ್ತು. ಅಷ್ಟೇ ಅಲ್ಲ, ವಿಶ್ರಾಂತಿಯಲ್ಲಿರುವಾಗ ಅವರ ದೇಹ ವ್ಯಯಿಸುವ ಶಕ್ತಿಯೂ ಸ್ಪರ್ಧೆಗೆ ಮೊದಲಿಗಿಂತ ದಿನಕ್ಕೆ ಸುಮಾರು 700 ಕ್ಯಾಲೊರಿಯಷ್ಟು ಕುಗ್ಗಿತ್ತು. ದೇಹವನ್ನು ಹಠಾತ್ತನೆ ಹಸಿವಿಗೆ ದೂಡಿದರೆ ಅದು ಬರಗಾಲ ಬಂದಿದೆಯೆಂದು ಭಾವಿಸಿ ಖರ್ಚನ್ನು ಬಿಗಿಹಿಡಿಯುತ್ತದೆ. ಈಚೆಗೆ ಬಂದಿರುವ ತೂಕ ಇಳಿಸುವ ಚುಚ್ಚುಮದ್ದುಗಳ ಕಥೆಯೂ ಗಮನಾರ್ಹ. ವೈದ್ಯರ ಸಲಹೆಯಂತೆ ಅವು ಕೆಲವರಿಗೆ ಅಗತ್ಯವೇ ಆಗಬಹುದು. ಆದರೆ ಸೆಮಾಗ್ಲುಟೈಡ್ ಎಂಬ ಮದ್ದನ್ನು ನಿಲ್ಲಿಸಿದವರಲ್ಲಿ ಇಳಿದ ತೂಕದ ಮೂರನೇ ಎರಡು ಭಾಗ ಒಂದು ವರ್ಷದಲ್ಲಿ ಮರಳಿತೆಂದು ಅಧ್ಯಯನವೊಂದು ತಿಳಿಸುತ್ತದೆ. ಮದ್ದು ತೆಗೆದುಕೊಂಡರೂ ರೂಢಿ ಬದಲಾಗದೆ ಗತ್ಯಂತರವಿಲ್ಲ.

ಸ್ವಲ್ಪವೇ ಆದರೂ ನಿರಂತರವಾಗಿ ಮಾಡುವ ಕರ್ಮವೇ ಅಲ್ಲಾಹನಿಗೆ ಅತ್ಯಂತ ಪ್ರಿಯವೆಂದು ಪ್ರವಾದಿ(ಸ) ಕಲಿಸಿದ್ದಾರೆ. ಹಗಲಿಡೀ ಉಪವಾಸ, ರಾತ್ರಿಯಿಡೀ ನಮಾಝ್ ಎಂದು ದೇಹವನ್ನು ದಂಡಿಸುತ್ತಿದ್ದ ಅಬೂದರ್ದಾ(ರ)ರನ್ನು ಸಲ್ಮಾನ್(ರ) ತಡೆದು, ಉಣ್ಣಿಸಿ, ಮಲಗಿಸಿ, ದೇವನಿಗೆ ಮಾತ್ರವಲ್ಲ, ಸ್ವಂತ ಶರೀರಕ್ಕೂ ಮನೆಯವರಿಗೂ ಹಕ್ಕಿದೆಯೆಂದು ನೆನಪಿಸಿದರು. ವಿಷಯ ತಿಳಿದ ಪ್ರವಾದಿ(ಸ)ಯವರು ಸಲ್ಮಾನರ ಮಾತನ್ನೇ ಸಮರ್ಥಿಸಿದರು. ಆರಾಧನೆಯಲ್ಲಿಯೇ ಅತಿರೇಕ ಸಲ್ಲದೆಂದಾದ ಮೇಲೆ ಪಥ್ಯದಲ್ಲಿ ಸಲ್ಲುವುದೆಂತು? ಲಂಡನ್ನಿನ ಸಂಶೋಧಕರು ಹೊಸ ರೂಢಿಯೊಂದು ತಾನಾಗಿಯೇ ನಡೆಯುವಂತಾಗಲು ಸರಾಸರಿ 66 ದಿನಗಳು ಬೇಕೆಂದು ಕಂಡುಕೊಂಡರು. ಕೆಲವರಿಗೆ 18 ದಿನ ಸಾಕಾದರೆ ಇನ್ನು ಕೆಲವರಿಗೆ 254 ದಿನಗಳೇ ಹಿಡಿಯಬಹುದೆಂದು ಅವರ ಲೆಕ್ಕ ಹೇಳಿತು. ನಡುವೆ ಒಂದು ದಿನ ತಪ್ಪಿದರೆ ಎಲ್ಲವೂ ಕೆಡುವುದಿಲ್ಲವೆಂದೂ ಅವರು ಗಮನಿಸಿದರು. ಆದುದರಿಂದ ಒಂದೇ ಬಾರಿಗೆ ಹತ್ತು ನಿರ್ಧಾರಗಳು ಬೇಡ. ಒಂದು ರೂಢಿ ನೆಲೆಯೂರಿದ ಬಳಿಕ ಇನ್ನೊಂದು.

ಮೊದಲನೆಯದು ಎಣ್ಣೆ. ಹೈದರಾಬಾದ್‌ನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2024ರ ಮಾರ್ಗಸೂಚಿಯಂತೆ ಒಬ್ಬರಿಗೆ ದಿನಕ್ಕೆ 30 ಗ್ರಾಂ ಒಳಗಿನ ಎಣ್ಣೆ, ತುಪ್ಪ ಸಾಕು. ನಾಲ್ಕು ಮಂದಿಯ ಮನೆಗೆ ಇದು ತಿಂಗಳಿಗೆ ಹೆಚ್ಚೆಂದರೆ ಸುಮಾರು ನಾಲ್ಕು ಲೀಟರ್ ಆಗುತ್ತದೆ. ದಿನಸಿ ಚೀಟಿಯಲ್ಲಿ ನಮ್ಮ ಮನೆಯ ಲೆಕ್ಕ ಎಷ್ಟಿದೆಯೆಂದು ಒಮ್ಮೆ ನೋಡಿಕೊಳ್ಳೋಣ. ಘಾಟಿ ಹತ್ತಿ ಬರುವ ಬಂಗುಡೆ, ಬೂತಾಯಿಯನ್ನು ಪ್ರತಿದಿನ ಹುರಿಯಲೇಬೇಕೆಂದಿಲ್ಲ; ಸಾರಿನಲ್ಲಿಯೂ ಅದಕ್ಕೆ ರುಚಿಯಿದೆ.

ಎರಡನೆಯದು ಸಕ್ಕರೆ. ದಿನಕ್ಕೆ ನಾಲ್ಕು ಚಹಾ, ಒಂದೊಂದಕ್ಕೆ ಎರಡು ಚಮಚ ಎಂದರೆ ಎಂಟು ಚಮಚ ಸಕ್ಕರೆ ಹೊಟ್ಟೆ ಸೇರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯು ಉತ್ತಮವೆಂದು ಹೇಳುವ ಮಿತಿ ದಿನಕ್ಕೆ ಸುಮಾರು 25 ಗ್ರಾಂ, ಅಂದರೆ ಐದಾರು ಚಮಚ. ಅದರಲ್ಲಿ ಬಿಸ್ಕತ್ತು, ಶರಬತ್ತುಗಳ ಸಕ್ಕರೆಯೂ ಸೇರಿದೆ. ಪ್ರತಿ ಲೋಟಕ್ಕೆ ಅರ್ಧ ಚಮಚ ಕಡಿಮೆ ಮಾಡಿದರೆ ಎರಡು ವಾರಗಳಲ್ಲಿ ನಾಲಗೆ ಒಗ್ಗಿಕೊಳ್ಳುತ್ತದೆ.

ಮೂರನೆಯದು ತಟ್ಟೆ. ತಟ್ಟೆಯ ಅರ್ಧ ಭಾಗ ತರಕಾರಿ ಮತ್ತು ಹಣ್ಣುಗಳಿಂದ ತುಂಬಿರಲೆಂದು ಅದೇ ಪೋಷಣಾ ಸಂಸ್ಥೆ ಹೇಳುತ್ತದೆ. ಮಲೆನಾಡಿನ ಹಿತ್ತಲಿಗೆ ಇದು ಕಷ್ಟವೇ? ಬಸಳೆ, ಹರಿವೆ, ನುಗ್ಗೆ, ಬಾಳೆದಿಂಡು, ಮಳೆಗಾಲದ ಕೆಸುವು ನಮ್ಮ ಕೈಗೆಟುಕುವಲ್ಲಿಯೇ ಇವೆ. ಪಲ್ಯವನ್ನು ಮೊದಲು ಬಡಿಸಿ, ಅನ್ನವನ್ನು ಬಳಿಕ ಬಡಿಸುವ ಕ್ರಮವೊಂದೇ ಎಷ್ಟೋ ವ್ಯತ್ಯಾಸ ಉಂಟುಮಾಡುತ್ತದೆ. ಜೊತೆಗೆ ಹೆಸರುಕಾಳು, ಹುರುಳಿ, ಮೊಟ್ಟೆ, ಮೀನು ಇದ್ದರೆ ಹಸಿವು ಬೇಗ ಮರುಕಳಿಸದು. ಹೊಟ್ಟೆಯ ಮೂರನೇ ಒಂದು ಭಾಗವನ್ನಷ್ಟೇ ಆಹಾರಕ್ಕೆ ಮೀಸಲಿಟ್ಟು, ಉಳಿದುದನ್ನು ನೀರಿಗೂ ಉಸಿರಿಗೂ ಬಿಡಬೇಕೆಂಬ ಪ್ರವಾದಿ(ಸ)ಯವರ ಬೋಧನೆ ನಮಗೆಲ್ಲ ಕಂಠಪಾಠವಾಗಿದೆ. ಅದು ನಾಲಗೆಯಿಂದ ತಟ್ಟೆಗೆ ಇಳಿಯಬೇಕಾಗಿದೆ.

ಇನ್ನು ನಡಿಗೆ. ವಾರಕ್ಕೆ ಕನಿಷ್ಠ 150 ನಿಮಿಷಗಳ ಚುರುಕಿನ ಚಟುವಟಿಕೆ ಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಅಂದರೆ ವಾರಕ್ಕೆ ಐದು ದಿನ ಅರ್ಧ ಗಂಟೆ. ಮಾತನಾಡಲು ಸಾಧ್ಯವಾಗಬೇಕು, ಹಾಡಲು ಸಾಧ್ಯವಾಗಬಾರದು - ಅಷ್ಟು ವೇಗ ಸಾಕು. ಬರೀ ನಡಿಗೆಯಿಂದ ತೂಕ ಹೆಚ್ಚು ಇಳಿಯದು. ಆದರೆ ಊಟದ ಬದಲಾವಣೆಯಿಂದ ಇಳಿದ ತೂಕ ಮರಳದಂತೆ ಅದು ಕಾವಲು ಕಾಯುತ್ತದೆ. ಮಸೀದಿಯಿಂದ ದೂರವಿದ್ದ ಬನೂ ಸಲಿಮಾ ಗೋತ್ರದವರು ಹತ್ತಿರಕ್ಕೆ ವಾಸ ಬದಲಿಸಲು ಬಯಸಿದಾಗ, ಅವರ ಹೆಜ್ಜೆಗಳು ದಾಖಲಾಗುತ್ತವೆಯೆಂದು ಹೇಳಿ ಪ್ರವಾದಿ(ಸ) ಅವರನ್ನು ಅಲ್ಲಿಯೇ ಉಳಿಯುವಂತೆ ಪ್ರೇರೇಪಿಸಿದರು. ಹತ್ತು ನಿಮಿಷದ ದಾರಿಗೆ ಬೈಕ್ ಚಾಲೂ ಮಾಡುವ ಯುವಕರು ಇದನ್ನು ನೆನೆಯಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಮ್ಮ ಮಳೆಯಲ್ಲಿ ರಸ್ತೆಯ ನಡಿಗೆ ಕಷ್ಟವೆಂಬುದು ನಿಜ. ಆ ದಿನಗಳಿಗೆ ಮನೆಯ ಜಗಲಿ, ಮೆಟ್ಟಿಲು, ಕುರ್ಚಿಯಿಂದ ಎದ್ದು ಕೂರುವ ಸರಳ ವ್ಯಾಯಾಮವಿದೆ. ಮಳೆ ಬಂತೆಂದು ನಿಂತ ರೂಢಿ ಬಿಸಿಲು ಬಂದಾಗ ತಾನಾಗಿ ಆರಂಭವಾಗದು.

ಸ್ತ್ರೀಯರ ವಿಷಯದಲ್ಲಿ ನಮ್ಮ ಸಮಾಜ ಇನ್ನಷ್ಟು ಯೋಚಿಸಬೇಕಾಗಿದೆ. ಮನೆಗೆಲಸವೇ ವ್ಯಾಯಾಮವಲ್ಲವೇ ಎಂದು ಗಂಡಸರು ಹೇಳಿಬಿಡುತ್ತಾರೆ. ಮಿಕ್ಸಿ, ಗ್ಯಾಸ್, ನಲ್ಲಿ ಬಂದ ಮೇಲೆ ಆ ಮಾತು ಮೊದಲಿನಂತೆ ನಿಜವಲ್ಲ. ರಸ್ತೆಯಲ್ಲಿ ಒಬ್ಬಳೇ ನಡೆದರೆ ಜನ ಏನೆನ್ನುವರೋ ಎಂಬ ಅಳುಕಿನಿಂದ ಎಷ್ಟೋ ತಾಯಂದಿರು ಮನೆಯೊಳಗೇ ಉಳಿಯುತ್ತಾರೆ. ಪ್ರಯಾಣವೊಂದರಲ್ಲಿ ಪ್ರವಾದಿ(ಸ)ಯವರು ಸಂಗಡಿಗರನ್ನು ಮುಂದೆ ಕಳುಹಿಸಿ ಪತ್ನಿ ಆಯಿಶಾ(ರ)ರೊಂದಿಗೆ ಓಟದ ಪಂದ್ಯ ನಡೆಸಿದರು, ಆಯಿಶಾ ಗೆದ್ದರು. ಕಾಲಾನಂತರ ಅವರ ಮೈ ತುಂಬಿಕೊಂಡಾಗ ಮತ್ತೊಮ್ಮೆ ಓಡಿದರು. ಈ ಬಾರಿ ಪ್ರವಾದಿ(ಸ) ಗೆದ್ದು, ಲೆಕ್ಕ ಸರಿಹೋಯಿತೆಂಬಂತೆ ನಕ್ಕರು. ಅಲ್ಲಿ ಹೀಯಾಳಿಕೆಯಿರಲಿಲ್ಲ, ಜೊತೆಯಾಗಿ ಓಡುವ ಆತ್ಮೀಯತೆಯಿತ್ತು. ಇಶಾ ನಮಾಝ್‌ನ ಬಳಿಕ ಪತ್ನಿಯೊಂದಿಗೆ ಇಪ್ಪತ್ತು ನಿಮಿಷ ನಡೆಯುವ ಪತಿ, ತಾಯಿಯನ್ನು ಕರೆದೊಯ್ಯುವ ಮಗ - ಇವರು ಈ ಸುನ್ನತ್ತಿನ ಹಾದಿಯಲ್ಲಿದ್ದಾರೆ. ಮದ್ರಸಾದ ಅಂಗಳವನ್ನೋ ಸಭಾಂಗಣವನ್ನೋ ದಿನಕ್ಕೊಂದು ಗಂಟೆ ಸ್ತ್ರೀಯರ ನಡಿಗೆಗೆ ಬಿಟ್ಟುಕೊಡಲು ಜಮಾಅತ್‌ಗಳಿಗೆ ಹೆಚ್ಚಿನ ಖರ್ಚೇನೂ ಇಲ್ಲ.

ಒಬ್ಬರ ತಟ್ಟೆ ಬದಲಾಗಬೇಕಾದರೆ ಇಡೀ ಮನೆಯೇ ಬದಲಾಗಬೇಕು. ತಾಯಿಗೆ ಮಾತ್ರ ಗಂಜಿ, ಉಳಿದವರಿಗೆ ಪರೋಟ ಎಂಬ ಏರ್ಪಾಡು ಹೆಚ್ಚು ದಿನ ಬಾಳದು. ಇಫ್ತಾರ್‌ನ ಮೇಜಿನಲ್ಲಿ ಐದು ಬಗೆಯ ಕರಿದ ತಿಂಡಿಗಳ ಬದಲು ಖರ್ಜೂರ, ಹಣ್ಣು ಮತ್ತು ಒಂದೇ ಬಗೆಯ ತಿಂಡಿ ಇರಲಿ. ಔತಣಕ್ಕೆ ಬಂದವರು ಸಾಕೆಂದ ಮೇಲೂ ಬಡಿಸುವುದೇ ಆದರವೆಂಬ ಭಾವನೆ ದೂರವಾಗಲಿ. ತಿನ್ನಿರಿ, ಕುಡಿಯಿರಿ, ಆದರೆ ಮಿತಿ ಮೀರದಿರಿ ಎಂಬ ಆಶಯವನ್ನು ಪವಿತ್ರ ಕುರ್‌ಆನ್ ಸ್ಪಷ್ಟವಾಗಿ ಸಾರಿದೆ. ಆ ಮಾತು ವಲೀಮಾದ ಬಿರಿಯಾನಿಗೂ ಅನ್ವಯಿಸುತ್ತದೆ. ಹಾಗೆಯೇ ದಪ್ಪಗಿರುವವರನ್ನು ಹಾಸ್ಯ ಮಾಡುವುದನ್ನೂ, ಅಡ್ಡಹೆಸರಿನಿಂದ ಕರೆಯುವುದನ್ನೂ ಅದು ನಿಷೇಧಿಸಿದೆ. ಅಪಹಾಸ್ಯದಿಂದ ಯಾರ ತೂಕವೂ ಇಳಿದಿಲ್ಲ. ಥೈರಾಯ್ಡ್, ಕೆಲವು ಔಷಧಿಗಳು, ನಿದ್ರೆಯ ಕೊರತೆ, ಅನುವಂಶೀಯತೆಗಳೂ ತೂಕಕ್ಕೆ ಕಾರಣವಾಗುತ್ತವೆ.

ಎಷ್ಟು ಇಳಿದರೆ ಸಾಕು? ವಾರಕ್ಕೆ ಅರ್ಧ ಕಿಲೋ ಸುರಕ್ಷಿತ ವೇಗ. 80 ಕಿಲೋ ಇರುವವರು ಆರು ತಿಂಗಳಲ್ಲಿ ನಾಲ್ಕೈದು ಕಿಲೋ ಇಳಿಸಿ ಅದನ್ನು ಉಳಿಸಿಕೊಂಡರೂ ರಕ್ತದೊತ್ತಡ, ಸಕ್ಕರೆಗಳಲ್ಲಿ ಪ್ರಯೋಜನ ಕಾಣುತ್ತದೆ. ಚೆನ್ನೈಯ ಡಾ. ಎ. ರಾಮಚಂದ್ರನ್ ಅವರ ತಂಡ 2006ರಲ್ಲಿ ಪ್ರಕಟಿಸಿದ ಅಧ್ಯಯನ ಇಲ್ಲಿ ಸಾಂತ್ವನ ನೀಡುತ್ತದೆ. ಮಧುಮೇಹದ ಹೊಸ್ತಿಲಲ್ಲಿದ್ದವರು ಊಟ ಮತ್ತು ನಡಿಗೆಯ ರೂಢಿ ಬದಲಿಸಿದಾಗ ರೋಗ ಬರುವ ಸಾಧ್ಯತೆ ಶೇಕಡಾ 28.5ರಷ್ಟು ಕಡಿಮೆಯಾಯಿತು, ಅದೂ ಅವರ ತೂಕದಲ್ಲಿ ಹೇಳಿಕೊಳ್ಳುವಂತಹ ಇಳಿಕೆ ಇಲ್ಲದಾಗಲೂ. ಯಂತ್ರದ ಮುಳ್ಳು ಕದಲದ ವಾರಗಳಲ್ಲಿಯೂ ದೇಹದೊಳಗೆ ಒಳಿತು ನಡೆಯುತ್ತಿರುತ್ತದೆಯೆಂದು ಇದರ ಅರ್ಥ. ಮೂವತ್ತು ದಾಟಿದವರಿಗೆ ಸರಕಾರಿ ಆರೋಗ್ಯ ಕೇಂದ್ರಗಳಲ್ಲಿ ರಕ್ತದೊತ್ತಡ ಮತ್ತು ಮಧುಮೇಹದ ಉಚಿತ ತಪಾಸಣೆಯಿದೆ, ಅದನ್ನು ಬಳಸಿಕೊಳ್ಳಬೇಕು. ಈಗಾಗಲೇ ಮಧುಮೇಹದ ಮಾತ್ರೆ, ಇನ್ಸುಲಿನ್ ಪಡೆಯುತ್ತಿರುವವರು ಊಟ ಕಡಿಮೆ ಮಾಡುವ ಮುನ್ನ ವೈದ್ಯರನ್ನು ಕೇಳಲೇಬೇಕು, ಇಲ್ಲವಾದರೆ ಸಕ್ಕರೆ ಅಪಾಯಕರವಾಗಿ ಕುಸಿಯಬಹುದು.

ಶರೀರವು ಅಲ್ಲಾಹನು ನಮ್ಮ ಬಳಿ ಇರಿಸಿದ ಅಮಾನತ್. ಅಮಾನತ್ತನ್ನು ವರ್ಷಕ್ಕೊಮ್ಮೆ ಒರೆಸಿಟ್ಟರೆ ಸಾಲದು, ದಿನನಿತ್ಯ ಕಾಯಬೇಕು. ಈ ವಾರ ಮನೆಯವರೆಲ್ಲ ಕುಳಿತು ಒಂದೇ ಒಂದು ಬದಲಾವಣೆಯನ್ನು ಆರಿಸಿಕೊಳ್ಳಲಿ. ಎರಡು ತಿಂಗಳು ಅದನ್ನೇ ಪಾಲಿಸಲಿ. ಬಳಿಕ ಎರಡನೆಯದಕ್ಕೆ ಕೈಹಾಕಲಿ. ಹಿತಮಿತವಾದ ಜೀವನವನ್ನೂ, ಅದರಲ್ಲಿ ಸ್ಥಿರತೆಯನ್ನೂ ಅಲ್ಲಾಹನು ನಮ್ಮೆಲ್ಲರಿಗೆ ಅನುಗ್ರಹಿಸಲಿ. ಆಮೀನ್.