ಹಸಿರು ಜಲಜನಕದ ನಿಯಮದಲ್ಲಿ ನೀರಿನ ಲೆಕ್ಕವೆಲ್ಲಿ?

ಶಾಲೆಯ ವಿಜ್ಞಾನ ಪಾಠದಲ್ಲಿ ಜಲಜನಕವೆಂದು ನಾವೆಲ್ಲ ಓದಿದ ಹೈಡ್ರೋಜನ್ ಅನಿಲವು ಇಂದು ದೊಡ್ಡ ಉದ್ಯಮವಾಗಿ ರೂಪುಗೊಳ್ಳುತ್ತಿರುವುದನ್ನು ಸದ್ಭಕ್ತರು ಗಮನಿಸಿರಬಹುದು. ಕೇಂದ್ರ ಸಚಿವ ಸಂಪುಟವು 2023ರ ಜನವರಿ 4ರಂದು ರಾಷ್ಟ್ರೀಯ ಹಸಿರು ಹೈಡ್ರೋಜನ್ ಮಿಷನ್‌ಗೆ 19,744 ಕೋಟಿ ರೂಪಾಯಿಗಳ ಅನುಮೋದನೆ ನೀಡಿತು. 2030ರ ವೇಳೆಗೆ ವರ್ಷಕ್ಕೆ 50 ಲಕ್ಷ ಟನ್ ಉತ್ಪಾದಿಸುವುದು ಅದರ ಗುರಿ. ರಸಗೊಬ್ಬರ, ತೈಲ ಶುದ್ಧೀಕರಣ, ಉಕ್ಕು ಇವೇ ಮುಖ್ಯ ಗಿರಾಕಿಗಳು. ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯವರೆಗೆ ಈ ಉದ್ಯಮ ಬಂದಿರುವುದರಿಂದ ಇದು ನಮ್ಮ ಭಾಗದ ವಿಷಯವೂ ಹೌದು.

‘ಹಸಿರು’ ಎಂಬ ಹಣೆಪಟ್ಟಿ ಈಗ ಸಾಬೂನಿಗೂ ಅಂಟಿಕೊಂಡಿದೆ. ಆದ್ದರಿಂದ ಸರ್ಕಾರವು 2023ರ ಆಗಸ್ಟ್‌ನಲ್ಲಿ ಈ ಪದಕ್ಕೊಂದು ಅಳತೆಗೋಲನ್ನು ನಿಗದಿಪಡಿಸಿದ್ದು ಸ್ವಾಗತಾರ್ಹ. ಒಂದು ಕಿಲೋ ಜಲಜನಕ ತಯಾರಾಗುವಾಗ ಹೊರಬೀಳುವ ಇಂಗಾಲದ ಡೈಆಕ್ಸೈಡ್, ಹನ್ನೆರಡು ತಿಂಗಳ ಸರಾಸರಿಯಲ್ಲಿ, ಎರಡು ಕಿಲೋ ಮೀರಬಾರದು. ನೈಸರ್ಗಿಕ ಅನಿಲದಿಂದ ತಯಾರಿಸಿದರೆ ಇದು ಸುಮಾರು ಹತ್ತು ಕಿಲೋ ಆಗುತ್ತದೆ. ಪರಿಶೀಲನೆಯ ಹೊಣೆ ಇಂಧನ ದಕ್ಷತಾ ಬ್ಯೂರೋದ್ದು. ಪ್ರಮಾಣೀಕರಣ ಯೋಜನೆಯು 2025ರ ಏಪ್ರಿಲ್‌ನಲ್ಲಿ ಆರಂಭವಾಯಿತು.

ಈ ಅಳತೆಗೋಲಿನಲ್ಲಿ ಒಂದು ಸಡಿಲವಿದೆ. ಹಗಲಿನ ಸೌರ ವಿದ್ಯುತ್ತನ್ನು ಜಾಲಕ್ಕೆ ಕೊಟ್ಟು ರಾತ್ರಿ ಅಷ್ಟೇ ವಿದ್ಯುತ್ತನ್ನು ಮರಳಿ ಪಡೆದರೂ ಅದು ಹಸಿರೆಂದೇ ಎಣಿಕೆಯಾಗುತ್ತದೆ. ರಾತ್ರಿ ಆ ಜಾಲದಲ್ಲಿ ಹರಿಯುವುದು ಬಹುಪಾಲು ಕಲ್ಲಿದ್ದಲಿನ ವಿದ್ಯುತ್ತು. ಯುರೋಪಿನ ಒಕ್ಕೂಟವಾದರೋ 2030ರಿಂದ ಗಂಟೆಗಂಟೆಯ ಲೆಕ್ಕ ಕೇಳಲಿದೆ. ಹೊಸ ಉದ್ಯಮಕ್ಕೆ ಆರಂಭದಲ್ಲಿ ಇಷ್ಟು ರಿಯಾಯಿತಿ ಇರಲಿ ಎನ್ನಬಹುದು.

ನಮ್ಮ ಚಿಂತೆ ನೀರಿನದು. ವಿದ್ಯುತ್ತಿನಿಂದ ನೀರನ್ನು ವಿಭಜಿಸಿ ಜಲಜನಕ ಪಡೆಯುವಾಗ ಕಿಲೋಗೆ ಕನಿಷ್ಠ ಒಂಬತ್ತು ಲೀಟರ್ ಶುದ್ಧ ನೀರು ಬೇಕು. ಶುದ್ಧೀಕರಣದಲ್ಲಿ ಹೊರಹೋಗುವುದು, ತಂಪಾಗಿಸಲು ಬೇಕಾದದ್ದು ಎಲ್ಲ ಸೇರಿದರೆ ಅದು ಇಪ್ಪತ್ತರಿಂದ ಮೂವತ್ತು ಲೀಟರ್ ತಲುಪುತ್ತದೆ. ವಿಚಿತ್ರವೆಂದರೆ, ಮೇಲಿನ ಮಾನದಂಡವು ನೀರನ್ನು ಶುದ್ಧಗೊಳಿಸುವಾಗ ಉಂಟಾಗುವ ಇಂಗಾಲವನ್ನು ಲೆಕ್ಕಕ್ಕೆ ಹಿಡಿಯುತ್ತದೆ; ನೀರನ್ನು ಹಿಡಿಯುವುದಿಲ್ಲ. ಅದು ಹೊಳೆಯದೋ, ಕೊಳವೆಬಾವಿಯದೋ, ಸಮುದ್ರದ್ದೋ, ನಗರದ ಬಳಸಿದ ನೀರೋ ಎಂಬ ಪ್ರಶ್ನೆಯೇ ಅದರಲ್ಲಿಲ್ಲ.

ಹಾಗೆಂದು ಭಯ ಬಿತ್ತುವುದು ನಮ್ಮ ಉದ್ದೇಶವಲ್ಲ. ದೇಶದ ಪೂರ್ಣ ಗುರಿ ಈಡೇರಿದರೂ ಬೇಕಾಗುವುದು ವರ್ಷಕ್ಕೆ ಸುಮಾರು ಮೂರೂವರೆಯಿಂದ ಐದು ಟಿಎಂಸಿ. ಭತ್ತ, ಕಬ್ಬುಗಳಿಗೆ ಹರಿಯುವ ನೀರಿನ ಮುಂದೆ ಇದು ಅತ್ಯಲ್ಪ. ಆದರೆ ಈ ಬೇಡಿಕೆ ದೇಶದ ತುಂಬ ಸಮನಾಗಿ ಹಂಚಿಹೋಗುವುದಿಲ್ಲ. ಬಿಸಿಲು, ಗಾಳಿ ಹೇರಳವಾಗಿರುವಲ್ಲಿ ಅಗ್ಗದ ವಿದ್ಯುತ್ತು ಸಿಗುತ್ತದೆ. ಘಟಕಗಳು ಅತ್ತಲೇ ಬರುತ್ತವೆ. ನಮ್ಮಲ್ಲಿ ಅಂಥ ಪ್ರದೇಶಗಳೆಲ್ಲ ಬಹುಪಾಲು ಬರಪೀಡಿತ ಬಯಲುಸೀಮೆಯೇ. ತುಂಗಭದ್ರಾ ಜಲಾಶಯವು ಹೂಳು ತುಂಬಿ 133 ಟಿಎಂಸಿಯಿಂದ ಸುಮಾರು 105ಕ್ಕೆ ಇಳಿದಿದೆ. ಕಾಲುವೆಯ ಕೊನೆಭಾಗದ ರೈತರು ಎರಡನೆಯ ಬೆಳೆಗೆ ನೀರು ಬಿಡುವರೋ ಇಲ್ಲವೋ ಎಂದು ಪ್ರತಿವರ್ಷ ಕಾಯುತ್ತಾರೆ. ಅಲ್ಲಿ ಹೊಸದಾಗಿ ಸೇರುವ ಪ್ರತಿಯೊಂದು ಕೊಳವೆಯೂ ಜಗಳದ ಬೀಜ.

ಇದಕ್ಕೆ ದೆಹಲಿಯತ್ತ ನೋಡಬೇಕಾಗಿಲ್ಲ. ಸಂವಿಧಾನದಲ್ಲಿ ನೀರು ಮೂಲತಃ ರಾಜ್ಯಗಳ ಪಟ್ಟಿಯ ವಿಷಯ. ಅಂತರ್ಜಲ ನಿಯಂತ್ರಣಕ್ಕೆ 2011ರ ಕರ್ನಾಟಕ ಅಧಿನಿಯಮವಿದೆ. ಜಲಜನಕ ಘಟಕಕ್ಕೆ ನೀರು ಹಂಚುವ ಆದೇಶದಲ್ಲೇ ರಾಜ್ಯ ಸರ್ಕಾರ ಷರತ್ತು ಬರೆಯಬಹುದು: ಸಂಸ್ಕರಿಸಿದ ಕೊಳಚೆ ನೀರಿಗೆ ಮೊದಲ ಆದ್ಯತೆ, ಕರಾವಳಿಯಲ್ಲಾದರೆ ಸಮುದ್ರದ ನೀರು, ಕೊಳವೆಬಾವಿಗೆ ಅವಕಾಶವಿಲ್ಲ, ತಿಂಗಳ ಬಳಕೆಯ ವಿವರ ಗ್ರಾಮ ಪಂಚಾಯಿತಿಯ ಫಲಕದಲ್ಲಿ ಪ್ರಕಟವಾಗಬೇಕು. ಕಾರ್ಖಾನೆಗಳು ಇನ್ನೂ ನೆಲೆಯೂರುತ್ತಿರುವ ಈ ಹಂತದಲ್ಲೇ ಇದು ಸುಲಭ. ಹಂಚಿಕೆಯಾದ ನೀರನ್ನು ಮರಳಿ ಪಡೆದ ಉದಾಹರಣೆಗಳು ವಿರಳ. ತಮ್ಮ ಊರಿನ ಸುತ್ತ ಇಂಥ ಘಟಕದ ಪ್ರಸ್ತಾಪವಿರುವ ಬಂಧುಗಳು ಮುಂದಿನ ಗ್ರಾಮಸಭೆಯಲ್ಲಿ ಉದ್ಯೋಗದ ಸಂಖ್ಯೆಯ ಜೊತೆಗೆ ನೀರಿನ ಮೂಲವನ್ನೂ ಕೇಳಿ, ಉತ್ತರವನ್ನು ನಡಾವಳಿಯಲ್ಲಿ ದಾಖಲಿಸಿಕೊಳ್ಳಬೇಕೆಂದು ಕೋರುತ್ತೇವೆ.