ಫಾರ್ಮ್ಯಾಟ್ ಕೊನೆಯ ಮಾತಾಗಲಿ

ಮಳೆಗಾಲದಲ್ಲಿ ಕರೆಂಟ್ ಹೋಗುವುದು, ಬರುವುದು ನಮಗೆ ಹೊಸತೇನಲ್ಲ. ಹೀಗೆ ಏಕಾಏಕಿ ಆರಿಹೋದ ಕಂಪ್ಯೂಟರ್ ಮತ್ತೆ ಸರಿಯಾಗಿ ತೆರೆಯದಿದ್ದರೆ ಸ್ನೇಹಿತರಿಂದ ಹಿಡಿದು ರಿಪೇರಿ ಅಂಗಡಿಯವರೆಗೆ ಬರುವ ಮೊದಲ ಸಲಹೆ ಒಂದೇ: "ಫಾರ್ಮ್ಯಾಟ್ ಮಾಡಿಬಿಡಿ." ಇದು ಮೊದಲ ಮಾತಾಗಬಾರದು, ಕೊನೆಯ ಮಾತಾಗಬೇಕು ಎಂಬುದು ನನ್ನ ಅಭಿಪ್ರಾಯ.

ಇದಕ್ಕೆ ಕಾರಣವಿದೆ. ನಮ್ಮ ಕಾಲೇಜಿನ ಗ್ರಂಥಾಲಯವನ್ನೇ ನೆನಪಿಸಿಕೊಳ್ಳಿ. ಪುಸ್ತಕಗಳು ಕಪಾಟಿನಲ್ಲಿರುತ್ತವೆ, ಯಾವುದು ಎಲ್ಲಿದೆ ಎಂಬ ವಿವರ ರಿಜಿಸ್ಟರಿನಲ್ಲಿರುತ್ತದೆ. ಡಿಸ್ಕ್‌ನಲ್ಲಿ ಆ ರಿಜಿಸ್ಟರಿನ ಕೆಲಸ ಮಾಡುವುದೇ ಫೈಲ್ ಸಿಸ್ಟಮ್. ಬರೆಯುತ್ತಿರುವಾಗಲೇ ಕರೆಂಟ್ ಹೋದರೆ ರಿಜಿಸ್ಟರಿನ ಲೆಕ್ಕ ಅರ್ಧಕ್ಕೇ ನಿಲ್ಲುತ್ತದೆ. ಆದರೆ ಪುಸ್ತಕಗಳಲ್ಲಿ ಹೆಚ್ಚಿನವು ಕಪಾಟಿನಲ್ಲೇ ಇರುತ್ತವೆ. ಫಾರ್ಮ್ಯಾಟ್ ಎಂದರೆ ಹಳೆಯ ರಿಜಿಸ್ಟರ್ ಎಸೆದು ಖಾಲಿ ರಿಜಿಸ್ಟರ್ ಇಡುವುದು. ಎಸ್‌ಎಸ್‌ಡಿ ಆಗಿದ್ದರೆ ಇನ್ನೂ ಅಪಾಯ: ಟ್ರಿಮ್ ಎಂಬ ವ್ಯವಸ್ಥೆಯಿಂದಾಗಿ ಫಾರ್ಮ್ಯಾಟ್ ಆದ ಮೇಲೆ ಹಳೆಯ ಫೈಲ್‌ಗಳು ಮರಳಿ ಸಿಗುವ ಸಾಧ್ಯತೆಯೇ ಬಹಳ ಕಡಿಮೆ.

ಈ ತೊಂದರೆಗೆಂದೇ ಜರ್ನಲ್ ಎಂಬ ಉಪಾಯ ಬಂದಿದೆ. ರಿಜಿಸ್ಟರಿನಲ್ಲಿ ಮಾಡಲಿರುವ ಬದಲಾವಣೆಯನ್ನು ಮೊದಲು ಒಂದು ದಿನಚರಿಯಲ್ಲಿ ಬರೆದುಕೊಳ್ಳುವುದು, ಕರೆಂಟ್ ಬಂದ ಮೇಲೆ ಅದನ್ನು ನೋಡಿ ಲೆಕ್ಕ ಸರಿಪಡಿಸುವುದು. ವಿಂಡೋಸ್ ಎನ್‌ಟಿಯೊಂದಿಗೆ 1993ರಲ್ಲಿ ಬಂದ ಎನ್‌ಟಿಎಫ್‌ಎಸ್‌ನಲ್ಲೂ 2001ರಲ್ಲಿ ಲಿನಕ್ಸ್‌ಗೆ ಸೇರಿದ ಇಎಕ್ಸ್‌ಟಿ3ಯಲ್ಲೂ ಇದಿದೆ. ಆದರೆ ಸಾಮಾನ್ಯವಾಗಿ ಜರ್ನಲ್ ಕಾಪಾಡುವುದು ರಿಜಿಸ್ಟರನ್ನು ಮಾತ್ರ. ನೀವು ಸೇವ್ ಮಾಡದೆ ಬಿಟ್ಟ ಪ್ರೋಗ್ರಾಮನ್ನಲ್ಲ. ನಾವೆಲ್ಲ ಬಳಸುವ ಪೆನ್‌ಡ್ರೈವ್‌ಗಳ ಎಫ್‌ಎಟಿ32ರಲ್ಲಂತೂ ಜರ್ನಲ್ ಇಲ್ಲವೇ ಇಲ್ಲ.

ಹಾಗಾದರೆ ಏನು ಮಾಡಬೇಕು? ಮೊದಲನೆಯದಾಗಿ, ಆ ಡಿಸ್ಕ್‌ಗೆ ಹೊಸದಾಗಿ ಏನನ್ನೂ ಬರೆಯಬೇಡಿ. ಪೆನ್‌ಡ್ರೈವ್‌ನಿಂದ ಲಿನಕ್ಸ್ ತೆರೆದು, ಫೈಲ್‌ಗಳು ಕಾಣಿಸಿದರೆ ಬೇರೆ ಕಡೆಗೆ ಕಾಪಿ ಮಾಡಿಕೊಳ್ಳಿ. ಹಾರ್ಡ್‌ಡಿಸ್ಕ್ ಟಕ್ ಟಕ್ ಎಂದು ಸದ್ದು ಮಾಡುತ್ತಿದ್ದರೆ ಕಂಪ್ಯೂಟರ್ ಆಫ್ ಮಾಡಿ ತಿಳಿದವರ ಕೈಗೆ ಕೊಡಿ. ರಿಪೇರಿಯ ಸರದಿ ಕಾಪಿ ಆದ ನಂತರ. ವಿಂಡೋಸ್‌ನಲ್ಲಿ ಚೆಕ್‌ಡಿಸ್ಕ್, ಲಿನಕ್ಸ್‌ನಲ್ಲಿ ಎಫ್‌ಎಸ್‌ಸಿಕೆ ಇದಕ್ಕೆಂದೇ ಇವೆ. ಎರಡನ್ನೂ ಮೊದಲು ಬರೀ ಪರೀಕ್ಷಿಸುವ ರೀತಿಯಲ್ಲಿ ಓಡಿಸಬಹುದು. ಬಳಕೆಯಲ್ಲಿರುವ ಪಾರ್ಟಿಶನ್ ಮೇಲೆ ಎಫ್‌ಎಸ್‌ಸಿಕೆ ರಿಪೇರಿ ಎಂದಿಗೂ ಬೇಡ. ಈ ಸಾಧನಗಳ ಗುರಿ ಲೆಕ್ಕ ಸರಿಹೊಂದಿಸುವುದೇ ಹೊರತು ನಿಮ್ಮ ಫೈಲ್ ಉಳಿಸುವುದಲ್ಲ. ಹೆಸರು ಕಳೆದುಕೊಂಡ ತುಣುಕುಗಳನ್ನು ಲಿನಕ್ಸ್ 'ಲಾಸ್ಟ್ ಪ್ಲಸ್ ಫೌಂಡ್' ಎಂಬ ಫೋಲ್ಡರಿಗೆ ಹಾಕುತ್ತದೆ. ಅಲ್ಲಿ ಹುಡುಕಲು ಮರೆಯಬೇಡಿ.

"ಇಷ್ಟಕ್ಕೆಲ್ಲ ಸಮಯ ಎಲ್ಲಿದೆ? ಫಾರ್ಮ್ಯಾಟ್ ಆದರೆ ಅರ್ಧ ಗಂಟೆಯ ಕೆಲಸ" ಎನ್ನುವವರಿದ್ದಾರೆ. ಯಾರದೂ ಏನೂ ಇಲ್ಲದ ಕಂಪ್ಯೂಟರಿಗೆ ಆ ಮಾತು ಸರಿ. ಆದರೆ ವರ್ಷವಿಡೀ ಬರೆದ ಪ್ರೋಗ್ರಾಮ್‌ಗಳು, ಪ್ರಾಜೆಕ್ಟ್ ವರದಿ, ಮನೆಯವರ ಹಳೆಯ ಫೋಟೋಗಳು ಇರುವಲ್ಲಿ ಉಳಿಸಿದ ಅರ್ಧ ಗಂಟೆಗೆ ಯಾವ ಬೆಲೆ?

ನಮ್ಮ ಉಪನ್ಯಾಸಕರಲ್ಲಿ ಒಂದು ವಿನಂತಿ. ಪರೀಕ್ಷೆಗೆ ಬರಲಿ, ಬಾರದಿರಲಿ, ಒಂದು ಪ್ರಾಯೋಗಿಕ ತರಗತಿಯನ್ನು ಇದಕ್ಕೆ ಮೀಸಲಿಡಿ. ಹಳೆಯ ಪೆನ್‌ಡ್ರೈವ್ ಒಂದನ್ನು ಬೇಕೆಂದೇ ಕೆಡಿಸಿ, ನಮ್ಮ ಕೈಯಿಂದಲೇ ಸರಿಮಾಡಿಸಿ. ಇನ್ನು ವಿದ್ಯಾರ್ಥಿ ಮಿತ್ರರಲ್ಲಿ ಎರಡು ಮಾತು. ಯುಪಿಎಸ್ ಇರುವುದು ಕೆಲಸ ಮುಂದುವರಿಸಲಿಕ್ಕಲ್ಲ, ಸೇವ್ ಮಾಡಿ ಶಟ್‌ಡೌನ್ ಮಾಡಲಿಕ್ಕೆ. ಮುಖ್ಯವಾದ ಫೈಲ್‌ನ ಇನ್ನೊಂದು ಪ್ರತಿ ಬೇರೆ ಕಡೆ ಇದ್ದರೆ ಮೇಲೆ ಹೇಳಿದ ಯಾವ ಸಾಹಸವೂ ಬೇಕಾಗುವುದಿಲ್ಲ. ಆ ಪ್ರತಿಯನ್ನು ಇವತ್ತೇ ಮಾಡಿಡಿ.

– ದ್ವಿತೀಯ ಪಿಯುಸಿ, ಪಿಸಿಎಂಸಿ ವಿಭಾಗ